ಸೂಜಮ್ಮನ ಗಜ್ಜುಗ

ಒಂದು ಕಾಡಿನಲ್ಲಿ ಒಂದು ಮಡು ಇತ್ತು. ಕಾಡು ಅಂದರೆ ಅಂತಿಂಥ ಕಾಡಲ್ಲ. ಅದರ ಮೂಡಲ ಅಂಚಿನಲ್ಲಿ ಆನೆ ಸೀನಿದರೆ, ಆ ಸದ್ದು ಪಡುವಲ ಅಂಚಿಗೆ ಮುಟ್ಟುವ ಹೊತ್ತಿಗೆ ಆನೆಯ ನೆಗಡಿ ವಾಸಿಯಾಗಿರುತ್ತಿತ್ತು. ಅಷ್ಟು ದೊಡ್ಡ ಕಾಡಿಗೆ ಬೇಸಿಗೆಯಲ್ಲಿ ನೀರು ಅಂತ ಉಳಿಯುತ್ತಿದ್ದದ್ದು ಆ ಮಡುವೊಂದರಲ್ಲೇ. ಬಿಸಿಲೋ, ಕೇಳಲೇಬೇಡಿ. ಮೀನುಗಳು ನೀರಿನೊಳಗೇ ಬೆವರುತ್ತಿದ್ದವು. ಮರಗಳ ನೆರಳು ತಾನೇ ಬಿಸಿಲು ತಡೆಯಲಾರದೆ ಬುಡಕ್ಕೆ ಬಂದು ಮುದುರಿಕೊಂಡು ಕೂರುತ್ತಿತ್ತು.

ನೀರು ಕಡಿಮೆ, ಬಾಯಿ ಜಾಸ್ತಿ. ಹಾಗಾಗಿ ಆ ಮಡುವಿಗೆ ಒಬ್ಬ ನೀರಗಂಟಿ ಇರುತ್ತಿದ್ದ. ಊರಿನ ಕೆರೆಗೆ ಇರುವುದಿಲ್ಲವೇ, ಯಾವ ಗದ್ದೆಗೆ ಯಾವತ್ತು ನೀರು ಅಂತ ನೋಡಿ ತೂಬು ಎತ್ತುವವನು? ಹಾಗೇ. ಯಾರು ಮೊದಲು ಕುಡಿಯಬೇಕು, ಯಾರು ಆಮೇಲೆ, ಯಾರು ಯಾವ ಕಡೆಯಿಂದ ಇಳಿಯಬೇಕು, ಎಲ್ಲ ಅವನು ಹೇಳಿದ ಹಾಗೆ.

ನಲವತ್ತು ಬೇಸಿಗೆ ಆಮೆತಾತನೇ ನೀರಗಂಟಿಯಾಗಿದ್ದ. ನಲವತ್ತು ಅಂದವರು ಕಡಿಮೆ ಹೇಳಿದವರು. ತಾತನ ಚಿಪ್ಪಿನ ಮೇಲೆ ಪಾಚಿ ಬೆಳೆದು, ಪಾಚಿಯ ಮೇಲೆ ಹುಲ್ಲು ಬೆಳೆದು, ಆ ಹುಲ್ಲು ಮೇಯುವುದಕ್ಕೆ ಒಂದು ಜಿಂಕೆ ಬಂದು, ತಾತ ಹೋದ ಕಡೆಯಲ್ಲೆಲ್ಲ ಆ ಜಿಂಕೆಯೂ ಹಿಂದೆ ಹಿಂದೆ ಹೋಗುತ್ತಿತ್ತಂತೆ. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಬೇಕಾದರೆ ಆ ಜಿಂಕೆಯ ಮೊಮ್ಮಕ್ಕಳನ್ನು ಕೇಳಿ.

ಮಡುವಿನ ಮೂರು ಕಡೆಯೂ ಕಡಿದಾದ ದಡ. ಜಾರುವ ಮಣ್ಣು, ಕೆಳಗೆ ಆಳ. ಒಂದು ಕಡೆ ಮಾತ್ರ ಚಪ್ಪಟೆ ಬಂಡೆಯೊಂದು ನೀರಿಗೆ ಗಲ್ಲ ಆನಿಸಿಕೊಂಡು ಮಲಗಿತ್ತು. ಮೂರು ಬೇಸಿಗೆ ಹಿಂದೆ ಮುಳ್ಳುಹಂದಿ ಸೂಜಮ್ಮನ ಮೊದಲ ಮರಿ ಕಡಿದಾದ ದಡದಲ್ಲಿ ನೀರು ಕುಡಿಯಲು ಹೋಗಿ ಜಾರಿತು. ಮತ್ತೆ ಮೇಲೆ ಬರಲಿಲ್ಲ. ಅವತ್ತಿನಿಂದ ಮೂರು ದಿನ ಆಮೆತಾತ ಚಿಪ್ಪಿನಿಂದ ತಲೆ ಹೊರಗೆ ಹಾಕಲಿಲ್ಲ. ನಾಲ್ಕನೆಯ ದಿನ ಹೊರಗೆ ಬಂದವನೇ ಒಂದು ಕಟ್ಟಳೆ ಮಾಡಿದ.

"ಇದು ಇನ್ನು ಮೇಲೆ ಮಕ್ಕಳ ಬಂಡೆ. ಈ ದಡದಲ್ಲಿ ಮರಿ ಇರುವವರು ಮೊದಲು. ಅವರು ಎಷ್ಟೇ ಸಣ್ಣವರಾಗಲಿ, ಮಿಕ್ಕವರು ಎಷ್ಟೇ ದೊಡ್ಡವರಾಗಲಿ."

ಆನೆ ದೊಡ್ಡಯ್ಯನೂ ಸೊಂಡಿಲು ತಗ್ಗಿಸಿ ಒಪ್ಪಿಕೊಂಡ. ಅಲ್ಲಿಂದೀಚೆಗೆ ಒಂದು ಮರಿಯೂ ಜಾರಲಿಲ್ಲ.

ಈ ಬೇಸಿಗೆಯಲ್ಲಿ ತಾತನ ಕಣ್ಣು ಮಂಜಾಯಿತು. "ಇನ್ನು ನನ್ನ ಕೈಲಾಗದು ಮಕ್ಕಳೇ. ಬೇರೆಯವರನ್ನು ಆರಿಸಿಕೊಳ್ಳಿ" ಅಂದ. ನೀರಗಂಟಿಯಾಗುತ್ತೇನೆ ಅಂತ ಇಬ್ಬರು ಮುಂದೆ ಬಂದರು.

ಒಬ್ಬ ಕಾಡುಹಂದಿ ಕೋರೆಯಪ್ಪ. ಅವನು ಎದ್ದು ನಿಂತು ಗುಡುಗಿದ. "ನನ್ನನ್ನು ಆರಿಸಿದರೆ ಈ ಮಡುವನ್ನು ಅಗೆದು ಅಗೆದು ಸಮುದ್ರ ಮಾಡ್ತೀನಿ! ತಿಮಿಂಗಿಲ ತಂದು ಬಿಡ್ತೀನಿ! ಅಗೆಯೋದಕ್ಕೆ ಆ ಚಪ್ಪಟೆ ಬಂಡೆ ಪಕ್ಕದ ಕೆಸರೇ ಅನುಕೂಲ. ಅದೊಂದನ್ನ ನನಗೆ ಬಿಟ್ಟುಕೊಡಿ, ಮಿಕ್ಕಿದ್ದು ನೋಡ್ತಾ ಇರಿ."

ಇನ್ನೊಬ್ಬಳು ಜೊಂಡಿನೊಳಗೆ ಗೂಡು ಕಟ್ಟಿಕೊಂಡಿದ್ದ ನೀರುಕೋಳಿ ಜೊಂಡವ್ವ. ಅಂಗೈಯಗಲದ ಹಕ್ಕಿ. ಅವಳು ಬಾಲ ಕುಣಿಸುತ್ತಾ ಇಷ್ಟೇ ಹೇಳಿದಳು. "ತಾತ ಇಟ್ಟಿದ್ದ ಹಾಗೇ ಇಟ್ಕೋತೀನಿ. ಪಾಚಿ ತೆಗೀತೀನಿ. ಅದಕ್ಕಿಂತ ಹೆಚ್ಚು ನನಗೆ ಬರಲ್ಲ."

ಸೂಜಮ್ಮನಿಗೆ ಯೋಚನೆಯೇ ಬೇಕಾಗಲಿಲ್ಲ. ಅವಳಿಗೆ ಈಗ ಇನ್ನೊಂದು ಮರಿ ಇತ್ತು, ಚುಚ್ಚು ಅಂತ. ಈ ಬೇಸಿಗೆಯಲ್ಲಷ್ಟೇ ಅದರ ಮುಳ್ಳು ಗಟ್ಟಿಯಾಗುತ್ತಿತ್ತು. ಕೋರೆಯಪ್ಪ ಅಗೆಯುವುದೂ ಇಲ್ಲ, ಗಿಗೆಯುವುದೂ ಇಲ್ಲ, ಆ ಕೆಸರಿನಲ್ಲಿ ಬಿದ್ದು ಹೊರಳಾಡುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಆಗ ಚುಚ್ಚು ನೀರಿಗೆ ಎಲ್ಲಿ ಇಳಿಯಬೇಕು? ಅದೇ ಜಾರು ದಡದಲ್ಲಿ.

"ಅವ್ವ, ನಮ್ಮದು ಯಾರಿಗೆ?" ಅಂತ ಚುಚ್ಚು ಕೇಳಿತು.

"ಜೊಂಡತ್ತೆಗೆ ಮಗಾ. ಇನ್ಯಾರಿಗೆ?"

ಆರಿಸುವ ದಿನಕ್ಕೆ ಇನ್ನೂ ಎಂಟು ದಿನವಿತ್ತು. ಎರಡನೆಯ ದಿನ ಸಂಜೆ ಸೂಜಮ್ಮ ಗೆಡ್ಡೆ ಅಗೆಯಲು ಹೋಗಿದ್ದಳು. ಮುತ್ತುಗದ ಪೊದೆಯ ಆಚೆಯಿಂದ ಮೊಲ ಚಂಗಣ್ಣನ ದನಿ ಕೇಳಿಸಿತು. "ನಂದಂತೂ ಕೋರೆಯಪ್ಪನಿಗೇ. ಜೊಂಡವ್ವ ಗೆಲ್ಲೋದುಂಟಾ?" ಮರುದಿನ ಬಿದಿರುಮೆಳೆಯ ಆಚೆಯಿಂದ ಕಡವೆಯ ದನಿ ಕೇಳಿತು. "ಕೋರೆಯಪ್ಪ ಬಿಟ್ಟರೆ ಯಾರಿದ್ದಾರೆ?" ಅದರ ಮರುದಿನ ನವಿಲು. ಅದರ ಮರುದಿನ ಆನೆ ದೊಡ್ಡಯ್ಯನ ದನಿಯೇ ಬಂತು. ಆ ದನಿಗೆ ಮರದ ಎಲೆ ಉದುರುವುದು ವಾಡಿಕೆ. ಅವತ್ತು ಒಂದೇ ಒಂದು ಎಲೆಯೂ ಉದುರಲಿಲ್ಲ. ಸೂಜಮ್ಮ ದುಃಖದಲ್ಲಿ ಅದನ್ನು ಗಮನಿಸಲಿಲ್ಲ.

ಅವಳು ಯಾರ ಹತ್ತಿರ ಹೋಗಿಯೂ ಕೇಳಲಿಲ್ಲ. ಮುಳ್ಳುಹಂದಿಯ ಬಾಳೇ ಹಾಗೆ. ಅವಳು ಪಕ್ಕಕ್ಕೆ ಬಂದರೆ ಎಲ್ಲರೂ ಎರಡು ಮಾರು ಸರಿದು ಕೂರುತ್ತಿದ್ದರು. ಬೇಜಾರಿಗಲ್ಲ, ಚುಚ್ಚುತ್ತದೆ ಅಂತ. ಆದರೂ ಸರಿದು ಕೂತರೆ ಸರಿದು ಕೂತ ಹಾಗೇ ಅಲ್ಲವೇ? ಈಗ ಕಾಡೆಲ್ಲ ಒಂದು ಕಡೆ, ತಾನೊಬ್ಬಳೇ ಇನ್ನೊಂದು ಕಡೆ ಆಗಿಬಿಟ್ಟರೆ ಏನು ಗತಿ ಅಂತ ಅವಳು ಹೆದರಿದಳು.

ಅದಕ್ಕೆ ಕಾರಣವೂ ಇತ್ತು. ಆ ಕಾಡಿನಲ್ಲಿ ಆರಿಸುವ ರೀತಿ ಹೀಗೆ. ಒಬ್ಬೊಬ್ಬರ ಹತ್ತಿರವೂ ಒಂದೊಂದು ಗಜ್ಜುಗ. ಗಜ್ಜುಗ ಅಂದರೆ ಬೂದಿ ಬಣ್ಣದ ಗುಂಡನೆಯ ಬೀಜ, ಕಲ್ಲಿನಷ್ಟು ಗಟ್ಟಿ. ಬಯಲಿನಲ್ಲಿ ಎರಡು ಕಲ್ಲು. ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬರು ಕೂರಬೇಕು. ಎಲ್ಲರೂ ನೋಡುತ್ತಿದ್ದಂತೆ ಒಬ್ಬೊಬ್ಬರಾಗಿ ನಡೆದು ಹೋಗಿ ತಮಗೆ ಬೇಕಾದವರ ಮುಂದೆ ಗಜ್ಜುಗ ಹಾಕಬೇಕು. ಮೊದಲು ಆನೆ, ಆಮೇಲೆ ಕಾಡುಕೋಣ ಕಾಟಿ, ಆಮೇಲೆ ಕಡವೆ, ಹೀಗೆ ದೊಡ್ಡವರಿಂದ ಸಣ್ಣವರಿಗೆ. ಕೊನೆಯಲ್ಲಿ ಮೊಲ, ಮುಳ್ಳುಹಂದಿ, ಅಳಿಲು.

'ನಾನು ಹೋಗುವ ಹೊತ್ತಿಗೆ ಕೋರೆಯಪ್ಪನ ಮುಂದೆ ಗುಡ್ಡವೇ ಎದ್ದಿರುತ್ತದೆ. ಜೊಂಡವ್ವನ ಮುಂದೆ ನನ್ನದೊಂದೇ ಬಿದ್ದಿರುತ್ತದೆ. ನಾಳೆ ಕೋರೆಯಪ್ಪ ನೀರಗಂಟಿಯಾದ ಮೇಲೆ ನನ್ನ ಮಗುವಿಗೆ ಒಂದು ಗುಟುಕು ನೀರು ಬಿಡುತ್ತಾನಾ?' ಅಂತ ಸೂಜಮ್ಮ ಲೆಕ್ಕ ಹಾಕಿದಳು. ಹಾಕಿ ಹಾಕಿ ಸೋತಳು. ಆರನೆಯ ದಿನ ಚುಚ್ಚುವಿಗೆ ಹೇಳಿದಳು.

"ಮಗಾ, ನಮ್ಮದು ಕೋರೆಯಪ್ಪನಿಗೆ."

"ಯಾಕವ್ವ? ಅವನು ಒಳ್ಳೆಯವನಾ?"

"ಎಲ್ಲರೂ ಆ ಕಡೆ ಇದ್ದಾರೆ ಮಗಾ."

"ಎಲ್ಲರೂ ಅಂದ್ರೆ ಯಾರು?"

ಸೂಜಮ್ಮ ಮಗುವಿನ ಮೂಗು ನೆಕ್ಕಿ ಮಲಗಿಸಿದಳು.

ಏಳನೆಯ ದಿನ ಮಧ್ಯಾಹ್ನ. ಮುಳ್ಳುಹಂದಿಗಳು ಮಲಗುವ ಹೊತ್ತು. ಸೂಜಮ್ಮ ಹುತ್ತದ ಬುಡದ ಬಿಲದಲ್ಲಿ ಮಗುವನ್ನು ತಬ್ಬಿಕೊಂಡು ಮಲಗಿದ್ದಳು. ಚುಚ್ಚು ನಿದ್ದೆಯಲ್ಲಿ ಹೊರಳಿತು. ಅದರ ಹೊಸ ಮುಳ್ಳೊಂದು ನೇರ ಅವ್ವನ ಮೂಗಿಗೆ ಚುಚ್ಚಿತು. ಮಗು ಅಂದ ಮೇಲೆ ಚುಚ್ಚದೇ ಇರುತ್ತದೆಯೇ? ಅವಳು ಎಚ್ಚರವಾಗಿ ಮೂಗು ಉಜ್ಜಿಕೊಳ್ಳುತ್ತಿದ್ದಳು. ಆಗ ಬಿಲದ ಹೊರಗೆ ಯಾರೋ ಮಾತನಾಡಿದರು.

"ನೋಡು ಚಂಗಣ್ಣ, ನಾನು ಸೂಜಮ್ಮ ಹೇಳ್ತಾ ಇದೀನಿ. ನಂದೂ ಕೋರೆಯಪ್ಪನಿಗೇ. ಮರಿ ಇರೋಳು ನಾನೇ ಹಾಕ್ತೀನಿ ಅಂದ ಮೇಲೆ ನಿಂದೇನಪ್ಪ?"

ಸೂಜಮ್ಮನ ಮುಳ್ಳೆಲ್ಲ ನೆಟ್ಟಗಾದವು. ಅದು ಅವಳದೇ ದನಿ. ಅದೇ ಒಡಕು, ಅದೇ ಮೂಗಿನ ಸುಯ್ಯೆನ್ನುವ ಸದ್ದು. 'ನಿದ್ದೆಯಲ್ಲಿ ನಾನೇ ಮಾತಾಡ್ತಾ ಇದೀನಾ?' ಅಂತ ಪಂಜ ಎತ್ತಿ ಬಾಯಿ ಮುಟ್ಟಿಕೊಂಡಳು. ಬಾಯಿ ಮುಚ್ಚಿತ್ತು. ದನಿ ಮಾತ್ರ ಹೊರಗೆ ಮಾತನಾಡುತ್ತಲೇ ಇತ್ತು.

ಮೆಲ್ಲಗೆ ತಲೆ ಹೊರಗೆ ಹಾಕಿ ನೋಡಿದಳು. ಮುತ್ತುಗದ ಪೊದೆಯ ಮೇಲೆ ಒಂದು ಕರಿಯ ಕಾಜಾಣ ಕೂತಿತ್ತು. ಬಾಲದಲ್ಲಿ ದಾರಕ್ಕೆ ಎಲೆ ಕಟ್ಟಿದ ಹಾಗೆ ಎರಡು ಉದ್ದ ಗರಿ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಹಾಗೇ ಒಪ್ಪಿಸಿಬಿಡುವ ಹಕ್ಕಿ ಅದು. ಒಮ್ಮೆ ಅದು ಗುಡುಗಿನ ದನಿ ಮಾಡಿದ್ದಕ್ಕೆ ಮೋಡಗಳು ನಂಬಿ ಮಳೆ ಸುರಿಸಿದ್ದವು ಅನ್ನುವ ಮಾತಿದೆ. ಪೊದೆಯ ಆಚೆ ಮೊಲ ಚಂಗಣ್ಣ ಕಿವಿ ಜೋಲು ಬಿಟ್ಟುಕೊಂಡು ಹೋಗುವುದು ಕಾಣಿಸಿತು.

ಸೂಜಮ್ಮ ಅವನ ಹಿಂದೆ ಓಡಿದಳು.

"ಚಂಗಣ್ಣ, ನಿಲ್ಲೋ!"

ಚಂಗಣ್ಣ ನಿಂತ. ವಾಡಿಕೆಯಂತೆ ಎರಡು ಮಾರು ಸರಿದು ನಿಂತ. "ಗೊತ್ತಾಯ್ತಕ್ಕ, ಗೊತ್ತಾಯ್ತು. ನೀನೂ ಆ ಕಡೇನೇ ಅಂತ ಈಗ ತಾನೇ ಹೇಳಿದೆಯಲ್ಲ. ಎರಡೆರಡು ಸಲ ಯಾಕೆ ಹೇಳ್ತೀಯ?"

"ನಾನು ಹೇಳಿದ್ದಾ? ನನ್ನ ಮುಖ ನೋಡಿದೆಯಾ ನೀನು?"

"ಮುಖ ಯಾಕೆ ನೋಡ್ಲಿ? ನಿನ್ನ ಹತ್ರ ಬಂದರೆ ಚುಚ್ಚುತ್ತೆ."

"ಮಂಕೇ! ನಾನು ಬಿಲದಲ್ಲಿ ಮಲಗಿದ್ದೆ. ಹೇಳಿದ್ದು ಕಾಜಾಣ."

ಚಂಗಣ್ಣನ ಒಂದು ಕಿವಿ ಎದ್ದಿತು. ಆಮೇಲೆ ಇನ್ನೊಂದು. ಸೂಜಮ್ಮ ಕೇಳಿದಳು. "ಮೊನ್ನೆ ಮೊನ್ನೆ 'ನಂದು ಕೋರೆಯಪ್ಪನಿಗೇ' ಅಂತ ನೀನು ಅಂದೆಯಲ್ಲ. ಮುತ್ತುಗದ ಪೊದೆ ಹತ್ತಿರ."

"ನಾನಾ? ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ!"

"ಹಾಗಾದರೆ ನಿನ್ನ ಮನಸ್ಸಲ್ಲಿ ಯಾರೋ?"

ಚಂಗಣ್ಣ ಅತ್ತ ನೋಡಿದ, ಇತ್ತ ನೋಡಿದ, ಮರದ ಮೇಲೆ ನೋಡಿದ. ಆಮೇಲೆ ಮುಳ್ಳು ಚುಚ್ಚಿದರೂ ಚುಚ್ಚಲಿ ಅಂತ ಹತ್ತಿರ ಬಂದು ಅವಳ ಕಿವಿಯಲ್ಲಿ ಹೇಳಿದ. "ಜೊಂಡವ್ವ."

"ನನಗೂ" ಅಂದಳು ಸೂಜಮ್ಮ.

ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಸೂಜಮ್ಮನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಒಂಟಿಯಾಗಿ ಓಡಾಡಿದ್ದರು.

"ಈಗಲೇ ಹೋಗಿ ಎಲ್ಲರಿಗೂ ಹೇಳೋಣ ನಡಿ" ಅಂದಳು.

"ಹೇಳಿದರೆ ಯಾರು ನಂಬ್ತಾರಕ್ಕ? 'ದನಿ ನಂಬಬೇಡಿ' ಅಂತ ನಿನ್ನ ದನಿಯಲ್ಲಿ ಹೇಳ್ತೀಯ. ನಾವು ಆ ಕಡೆ ಹೋಗ್ತಿದ್ದ ಹಾಗೇ ಅವನು ಬಂದು, 'ತಮಾಷೆ ಮಾಡಿದೆ' ಅಂತ ಅದೇ ದನಿಯಲ್ಲಿ ಹೇಳ್ತಾನೆ. ಬೆಳಗಾದರೆ ಗಜ್ಜುಗ ಹಾಕಬೇಕು."

"ಹಾಗಾದರೆ ಹಾಕೋವಾಗಲಾದರೂ ನಾವಿಬ್ಬರೂ ಜೊಂಡವ್ವನಿಗೆ ಹಾಕೋಣ."

ಚಂಗಣ್ಣ ತನ್ನ ಕಾಲು ನೋಡಿಕೊಂಡ. "ಅಕ್ಕ, ನಿಜ ಹೇಳ್ತೀನಿ, ಬೈಬೇಡ. ನಮ್ಮ ಸರದಿ ಬರೋದು ಕೊನೇಲಿ. ಅಷ್ಟೊತ್ತಿಗೆ ಆ ಕಡೆ ಗುಡ್ಡ ಆಗಿರುತ್ತೆ. ಗುಡ್ಡ ನೋಡಿದರೆ ನನ್ನ ಕಾಲು ತಾನಾಗೇ ಆ ಕಡೆ ಹೋಗಿಬಿಡುತ್ತೆ. ನನ್ನ ಕಾಲಿನ ಬುದ್ಧಿ ನನಗೆ ಗೊತ್ತು. ನನಗಿಂತ ಮುಂಚೆ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು ಜೊಂಡವ್ವನಿಗೆ ಹಾಕಿದರೆ, ನಾನೂ ಹಾಕ್ತೀನಿ."

'ಕಾಡಿನಲ್ಲಿ ಎಲ್ಲರೂ ಹೀಗೇ ಯಾರಾದರೂ ಒಬ್ಬರಿಗೆ ಕಾಯುತ್ತಾ ಕೂತಿದ್ದರೆ?' ಅಂತ ಸೂಜಮ್ಮ ಯೋಚಿಸಿದಳು. ಯೋಚಿಸುತ್ತಾ ಬಿಲಕ್ಕೆ ಬಂದಳು. ಮಗು ಇನ್ನೂ ಮಲಗಿತ್ತು.

ಬೆಳಗಾಯಿತು. ಕಾಡೆಲ್ಲ ಮಕ್ಕಳ ಬಂಡೆಯ ದಡದ ಬಯಲಿಗೆ ಬಂತು. ಎಷ್ಟು ಜನ ಅಂದರೆ, ಜಾಗ ಸಾಲದೆ ಇರುವೆಗಳು ಆನೆಯ ಬೆನ್ನಿನ ಮೇಲೆ ನಿಂತು ನೋಡಿದವು. ನಡುವೆ ಆಮೆತಾತ. ಒಂದು ಕಲ್ಲಿನ ಮೇಲೆ ಕೋರೆಯಪ್ಪ, ಮೈಗೆಲ್ಲ ಕೆಸರು ಬಳಿದುಕೊಂಡು ಮದುಮಗನ ಹಾಗೆ ಕೂತಿದ್ದ. ಇನ್ನೊಂದು ಕಲ್ಲಿನ ಮೇಲೆ ಜೊಂಡವ್ವ ಕೂತಿದ್ದಳೋ ಇಲ್ಲವೋ, ಬಗ್ಗಿ ನೋಡಬೇಕಿತ್ತು. ಮಡುವಿನ ಪಕ್ಕದ ಒಣಮರದ ತುದಿಕೊಂಬೆಯಲ್ಲಿ ಕಾಜಾಣ ಕೂತು ಗರಿ ತೀಡಿಕೊಳ್ಳುತ್ತಿದ್ದ.

"ಹೂಂ, ದೊಡ್ಡಯ್ಯ ಮೊದಲು ಬರಲಿ" ಅಂದ ಆಮೆತಾತ.

ಆನೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಒಡಕು ದನಿ ಕೇಳಿತು.

"ತಾತ, ಒಂದು ಮಾತು."

ಎಲ್ಲರೂ ತಿರುಗಿ ನೋಡಿದರು. ಸೂಜಮ್ಮ. ಅವಳು ಅಷ್ಟು ಜನರ ಮುಂದೆ ಮಾತನಾಡಿದ್ದು ಅದೇ ಮೊದಲು.

"ಗಜ್ಜುಗ ಎಣಿಸಿ ಮುಗಿಯೋವರೆಗೂ ನೀರಗಂಟಿ ಯಾರು ತಾತ?"

"ನಾನೇ ಕಣವ್ವ."

"ಹಾಗಾದರೆ ನಿನ್ನ ಕಟ್ಟಳೆ ಇನ್ನೂ ನಡೀತದಾ?"

"ನಡೀದೆ ಏನು?"

"ಈ ದಡದಲ್ಲಿ ಮರಿ ಇರೋರು ಮೊದಲು ಅಂತ ನೀನೇ ಹೇಳಿದ್ದೆ. ಸಣ್ಣವರು ದೊಡ್ಡವರು ಅಂತ ನೋಡಬೇಡಿ ಅಂದಿದ್ದೆ. ನನ್ನ ಜೊತೆ ಮರಿ ಇದೆ ತಾತ."

ಆಮೆತಾತನ ಬಾಯಿ ಮೆಲ್ಲಗೆ ಅಗಲವಾಯಿತು. ಅವನಿಗೆ ನಗು ಬರಲು ಒಂದು ಹೊತ್ತು ಬೇಕಾಗುತ್ತಿತ್ತು. "ಭೇಷ್. ನಾನೇ ಮರೆತಿದ್ದೆ. ಬಾರವ್ವ, ನೀನೇ ಮೊದಲು ಬಾ."

ಸೂಜಮ್ಮ ಗಜ್ಜುಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಚುಚ್ಚುವನ್ನು ಪಕ್ಕದಲ್ಲಿ ನಡೆಸಿಕೊಂಡು ಹೊರಟಳು. ಇದ್ದದ್ದು ಹದಿನೆಂಟು ಹೆಜ್ಜೆ ದಾರಿ. ಅವತ್ತು ಅದು ಹದಿನೆಂಟು ಹರದಾರಿ ಆಯಿತು. ಹೆದರಿಕೆಗೆ ಬಾಲದ ಮುಳ್ಳುಗಳು ಗಲಗಲ ಅಂದವು. ಕಾಡೆಲ್ಲ ಉಸಿರು ಹಿಡಿದು ನೋಡುತ್ತಿತ್ತು. ಗಜ್ಜುಗವನ್ನು ಎಷ್ಟು ಗಟ್ಟಿಯಾಗಿ ಕಚ್ಚಿದ್ದಳೆಂದರೆ ದವಡೆ ಬಿಡಿಸಲು ಆನೆಯೇ ಬರಬೇಕಿತ್ತು.

"ಬಾ ಸೂಜಮ್ಮ, ಬಾ!" ಅಂತ ಕೋರೆಯಪ್ಪ ಕರೆದ. "ನಮ್ಮವಳು! ನನ್ನ ಮೇಲೆ ಎಷ್ಟು ಪ್ರೀತಿ ಇವಳಿಗೆ ಅಂತೀರಿ!"

ಕೊನೆಯ ಆರು ಹೆಜ್ಜೆ ಇರುವಾಗ ಸೂಜಮ್ಮ ತಿರುಗಿದಳು. ಜೊಂಡವ್ವನ ಕಲ್ಲಿನ ಕಡೆಗೆ.

ಬಯಲಿನಲ್ಲಿ ಒಂದು ಗುಸುಗುಸು ಎದ್ದಿತು. ಒಣಮರದ ಮೇಲೆ ಕಾಜಾಣನಿಗೆ ಕೊಂಬೆ ಬಿಸಿಯಾಯಿತು. ಇವಳು ಹಾಕಿದರೆ ಮೊಲ ಹಾಕುತ್ತದೆ, ಮೊಲ ಹಾಕಿದರೆ ಅಳಿಲು. ಎಂಟು ದಿನದ ಕೆಲಸ ನೀರಿಗೆ ಹೋಗುತ್ತದೆ. ಯೋಚಿಸುವುದಕ್ಕೆ ಅವನಿಗೆ ಹೊತ್ತಿರಲಿಲ್ಲ. ಎಲೆಯ ಮರೆಗೆ ಸರಿಯೋಣ ಅಂದರೆ ಒಣಮರದಲ್ಲಿ ಎಲೆ ಎಲ್ಲಿಂದ ಬರಬೇಕು? ಅವನು ಕೊಕ್ಕು ತೆರೆದುಬಿಟ್ಟ.

"ಅಯ್ಯೋ, ದಾರಿ ತಪ್ಪಿದೆ! ನನ್ನ ಗಜ್ಜುಗ ಕೋರೆಯಪ್ಪನಿಗೇ! ಎಲ್ಲರೂ ಅವನಿಗೇ ಹಾಕಿ!" ಅಂತ ಸೂಜಮ್ಮನ ದನಿ ಬಯಲೆಲ್ಲ ಮೊಳಗಿತು.

ಎಲ್ಲರೂ ಸೂಜಮ್ಮನನ್ನು ನೋಡಿದರು. ಅವಳ ಬಾಯಿ ಮುಚ್ಚಿತ್ತು. ಹಲ್ಲಿನ ನಡುವೆ ಗಜ್ಜುಗ ಹಾಗೇ ಇತ್ತು.

"ಅವ್ವ ಮಾತೇ ಆಡಿಲ್ಲ!" ಅಂತ ಚುಚ್ಚು ಕೂಗಿತು. "ಅವ್ವನ ಬಾಯಲ್ಲಿ ಗಜ್ಜುಗ ಇದೆ! ಅವ್ವನ ದನಿ ಮರದ ಮೇಲಿಂದ ಬಂತು!"

ಕಾಜಾಣ ತಡಬಡಾಯಿಸಿ, "ಮಗು ಸುಳ್ಳು ಹೇಳ್ತಿದೆ" ಅಂತ ಮೊಲದ ದನಿಯಲ್ಲಿ ಕೂಗಿದ. ಚಂಗಣ್ಣ ಬಾಯಿ ತುಂಬ ಗರಿಕೆ ತುರುಕಿಕೊಂಡು ಅಲ್ಲೇ ಕೂತಿದ್ದ. "ಹೌದು, ಸುಳ್ಳು" ಅಂತ ಕಾಜಾಣ ಆನೆಯ ದನಿಯಲ್ಲಿ ಗರ್ಜಿಸಿದ. ದೊಡ್ಡಯ್ಯ ತನ್ನ ಸೊಂಡಿಲನ್ನೇ ಬಾಯಿಗೆ ಇಟ್ಟುಕೊಂಡು ಬೆರಗಾಗಿ ನಿಂತಿದ್ದ. ಅವತ್ತು ಕಾಡೆಲ್ಲ ಒಬ್ಬರ ಬಾಯಿ ಒಬ್ಬರು ನೋಡಿತು. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಒಣಮರದ ತುದಿಗೆ ಏರಿದವು. ಅಲ್ಲಿ ಒಂದು ಕೊಕ್ಕು ಇನ್ನೂ ತೆರೆದೇ ಇತ್ತು.

ಆ ಮೌನದಲ್ಲಿ 'ಟಕ್' ಅಂತ ಒಂದು ಸದ್ದಾಯಿತು. ಸೂಜಮ್ಮ ಗಜ್ಜುಗವನ್ನು ಜೊಂಡವ್ವನ ಮುಂದೆ ಹಾಕಿದ್ದಳು.

"ಹಾಗಾದರೆ ಬಿದಿರುಮೆಳೆ ಹತ್ತಿರ ನಾನು ಕೇಳಿದ ಮೊಲದ ದನಿ ಮೊಲದ್ದಲ್ವಾ?" ಅಂದಿತು ಕಡವೆ.

"ನಾನು ಕೇಳಿದ ಕಡವೆ ದನಿ?" ಅಂದಿತು ನವಿಲು.

"ನಿಮಗೆಲ್ಲ ಕೋರೆಯಪ್ಪನೇ ಬೇಕು ಅಂತ ಅಂದುಕೊಂಡಿದ್ದೆ" ಅಂದ ಆನೆ ದೊಡ್ಡಯ್ಯ. "ಎಲ್ಲರನ್ನೂ ಎದುರು ಹಾಕಿಕೊಳ್ಳೋದಕ್ಕೆ ನನಗೂ ಭಯ ಆಯ್ತು ಕಣ್ರಪ್ಪ."

"ನಿನಗೆ ಭಯವಾ ದೊಡ್ಡಯ್ಯ? ನೀನು ಇಷ್ಟು ದೊಡ್ಡವನು!" ಅಂತ ಚುಚ್ಚು ಕಣ್ಣರಳಿಸಿತು.

"ಮೈ ದೊಡ್ಡದಾದರೆ ಒಂಟಿಯಾಗೋ ಭಯಾನೂ ದೊಡ್ಡದೇ ಮಗಾ" ಅಂದ ಆನೆ.

ಚಂಗಣ್ಣ ಒಂದೇ ನೆಗೆತಕ್ಕೆ ಬಂದು ಗಜ್ಜುಗ ಹಾಕಿದ. ಅವನ ಕಾಲು ಈ ಸಲ ಸರಿಯಾದ ಕಡೆಗೇ ಬಂದಿತ್ತು. ಆಮೇಲೆ ಅಳಿಲು, ನವಿಲು, ಕಡವೆ, ಕಾಟಿ, ಆನೆ. ಜೊಂಡವ್ವನ ಮುಂದೆ ಗಜ್ಜುಗದ ಗುಡ್ಡ ಎಷ್ಟು ಎತ್ತರ ಬೆಳೆಯಿತೆಂದರೆ ಅವಳು ಅದರ ಹಿಂದೆ ಮರೆಯಾಗಿ, "ನಾನು ಇಲ್ಲಿದ್ದೀನಿ, ನಾನು ಇಲ್ಲಿದ್ದೀನಿ" ಅಂತ ಕೂಗಬೇಕಾಯಿತು. ಕೊನೆಗೆ ಕೋರೆಯಪ್ಪನ ಹೆಂಡತಿ ಏಳು ಮರಿ ಕಟ್ಟಿಕೊಂಡು ಬಂದು ತನ್ನ ಗಜ್ಜುಗವನ್ನು ಆ ಗುಡ್ಡದ ಮೇಲೆಯೇ ಇಟ್ಟಳು.

"ನೀನೂನಾ?" ಅಂದ ಕೋರೆಯಪ್ಪ.

"ನಮಗೂ ಏಳು ಮರಿ ಇದಾವಲ್ಲ ರೀ. ಅವು ಎಲ್ಲಿ ನೀರು ಕುಡೀಬೇಕು?"

ಕೋರೆಯಪ್ಪನ ಮುಂದೆ ಒಂದೇ ಒಂದು ಗಜ್ಜುಗ ಉಳಿಯಿತು. ಅದು ಅವನದೇ. ಅವನು ಒಣಮರದ ಬುಡಕ್ಕೆ ಹೋಗಿ ತಲೆ ಎತ್ತಿದ. ಎಲ್ಲರೂ ಅವನು ಮರವನ್ನೇ ಬೀಳಿಸುತ್ತಾನೆ ಅಂದುಕೊಂಡರು. ಅವನ ದನಿ ಸಣ್ಣಗಾಗಿತ್ತು.

"ನನ್ನ ಪರವಾಗಿ ನಾಲ್ಕು ಮಾತಾಡು, ಕೆಸರಿಂದ ಏಳೋ ಹುಳಹುಪ್ಪಟೆಯೆಲ್ಲ ನಿನಗೇ ಅಂದಿದ್ದು ನಿಜ. ಆದರೆ ನನಗೂ ಯಾಕೆ ಸುಳ್ಳು ಹೇಳಿದೆಯೋ? ಮೊಲ ಹೊಗಳ್ತಿದೆ ಕೇಳು, ಆನೆ ಹೊಗಳ್ತಿದೆ ಕೇಳು ಅಂತ ದಿನಾ ಪೊದೆ ಹಿಂದೆ ನಿಲ್ಲಿಸ್ತಿದ್ದೆಯಲ್ಲ. ಕೇಳಿ ಕೇಳಿ ನನಗೆ ಕಣ್ಣಲ್ಲಿ ನೀರು ಬರ್ತಿತ್ತಲ್ಲೋ."

"ಅದೂ ನಾನೇ ಒಡೆಯ" ಅಂದ ಕಾಜಾಣ. ಅದನ್ನೂ ಅವನು ಕೋರೆಯಪ್ಪನ ದನಿಯಲ್ಲೇ ಹೇಳಿದ. ಬೇರೆ ದನಿ ಅವನ ಬಾಯಿಗೆ ಬರಲಿಲ್ಲ.

ಕೋರೆಯಪ್ಪ ಏನೂ ಮಾಡಲಿಲ್ಲ. ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ಒಂದು ಮರಿ ಅವನ ಬೆನ್ನು ಹತ್ತಿ ಕೆಸರು ಕೀಳತೊಡಗಿತು.

"ಕಾಜಾಣನನ್ನು ಕಾಡಿಂದ ಓಡಿಸಿ!" ಅಂತ ಎಲ್ಲರೂ ಕೂಗಿದರು.

ಜೊಂಡವ್ವ ಗುಡ್ಡದ ಹಿಂದಿನಿಂದ ಹತ್ತಿ ಮೇಲೆ ಬಂದಳು. "ಗಜ್ಜುಗ ಎಣಿಸಿ ಆಯ್ತಲ್ಲ, ಈಗ ನಾನು ಹೇಳಬಹುದಾ? ನೀರು ಎಲ್ಲರಿಗೂ ಬೇಕು, ಅವನಿಗೂ ಬೇಕು. ಅವನು ಇರಲಿ. ಆದರೆ ತನ್ನ ಸ್ವಂತ ದನಿ ಸಿಗೋವರೆಗೂ ಬಾಯಿ ತೆರೆಯಬಾರದು."

ಶಿಕ್ಷೆ ಬಲು ಹಗುರವಾಯಿತು ಅಂತ ಕೆಲವರು ಗೊಣಗಿದರು. ಕಾಜಾಣನಿಗೆ ಮಾತ್ರ ಅದು ಬೆಟ್ಟದಷ್ಟು ಭಾರವಾಯಿತು. ಅವನು ಎಂಟು ದಿನ ಎಲ್ಲರ ದನಿಯಲ್ಲಿ ಮಾತನಾಡಿದ್ದ. ತನ್ನ ಗಜ್ಜುಗವನ್ನು ಹಾಕಲೇ ಇಲ್ಲ. ಅದನ್ನು ಹಿಡಿದುಕೊಳ್ಳಲು ಅವನ ಕೊಕ್ಕಿಗೆ ಬಿಡುವೇ ಸಿಕ್ಕಿರಲಿಲ್ಲ.

ಅವತ್ತೇ ಆನೆ ದೊಡ್ಡಯ್ಯ ಇನ್ನೊಂದು ಮಾತು ಹೇಳಿದ. "ಗುಡ್ಡ ನೋಡಿ ಹೆದರೋರು ನಾವೆಲ್ಲ. ಮುಂದಿನ ಸಲದಿಂದ ಗಜ್ಜುಗವನ್ನ ಸೂಜಮ್ಮನ ಬಿಲದ ಹುತ್ತದ ಮರೆಯಲ್ಲಿ ಎರಡು ಗುಂಡಿ ಮಾಡಿ ಹಾಕೋಣ. ಒಬ್ಬೊಬ್ಬರೇ ಹೋಗೋದು. ಯಾರು ಎಲ್ಲಿ ಹಾಕಿದರು ಅಂತ ಯಾರಿಗೂ ಕಾಣಬಾರದು." ಎಲ್ಲರೂ ಒಪ್ಪಿದರು. ಇವತ್ತಿಗೂ ಆ ಕಾಡಿನಲ್ಲಿ ಹಾಗೇ ನಡೆಯುತ್ತದೆ. ಇನ್ನೊಂದು ಸಂಗತಿಯೂ ಬದಲಾಯಿತು. ಸೂಜಮ್ಮ ಪಕ್ಕಕ್ಕೆ ಬಂದು ಕೂತರೆ ಈಗ ಯಾರೂ ಎರಡು ಮಾರು ಸರಿಯುತ್ತಿರಲಿಲ್ಲ. ಒಂದು ಮಾರು ಅಷ್ಟೇ ಸರಿಯುತ್ತಿದ್ದರು. ಚುಚ್ಚುವುದು ಚುಚ್ಚುತ್ತದಲ್ಲ, ಪಾಪ.

ಒಂದು ತಿಂಗಳು ಕಳೆಯಿತು. ಒಂದು ಸಂಜೆ ಚುಚ್ಚು ಮಕ್ಕಳ ಬಂಡೆಯ ಮೇಲೆ ನೀರು ಕುಡಿದು ಮೂತಿ ಒರೆಸಿಕೊಂಡಿತು. ಸೂಜಮ್ಮ ಪಕ್ಕದಲ್ಲಿದ್ದಳು. ಒಣಮರದ ಮೇಲೆ ಕಾಜಾಣ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಕಾಜಾಣ ಮಾವ, ನಿನ್ನ ದನಿ ಸಿಕ್ಕಿತಾ?" ಅಂತ ಚುಚ್ಚು ಕೇಳಿತು.

ಕಾಜಾಣ ತಲೆ ಅಲ್ಲಾಡಿಸಿದ.

"ಎಲ್ಲಾದರೂ ಬಿದ್ದು ಹೋಯ್ತಾ? ಮೊಟ್ಟೆಯಿಂದ ಬಂದಾಗ ನಿಮ್ಮವ್ವನನ್ನ ಹೇಗೆ ಕರೆದೆ? ಹಾಗೇ ಕರಿ ನೋಡೋಣ."

ಕಾಜಾಣ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಆಮೇಲೆ ಕೊಕ್ಕು ತೆರೆದ. ತುಕ್ಕು ಹಿಡಿದ ಬಾಗಿಲಿನ ಹಾಗೆ 'ಕ್ರೀಈ' ಅಂತ ಒಂದು ಸಣ್ಣ ಸದ್ದು ಬಂತು. ಅದು ಮೊಲದ್ದಲ್ಲ, ಆನೆಯದಲ್ಲ, ಸೂಜಮ್ಮನದಲ್ಲ. ಅಂಥ ದನಿಯನ್ನು ಕಾಡಿನಲ್ಲಿ ಯಾರೂ ಕೇಳಿರಲಿಲ್ಲ.

"ಅಷ್ಟೇನು ಚೆನ್ನಾಗಿಲ್ಲ ಮಾವ" ಅಂದಿತು ಚುಚ್ಚು.

"ಚೆನ್ನಾಗಿಲ್ಲದಿದ್ದರೆ ಬಿಡು ಮಗಾ, ಅವನದೇ ತಾನೇ" ಅಂದಳು ಸೂಜಮ್ಮ. ಆಮೇಲೆ ಮರದ ಕಡೆಗೆ ತಲೆ ಎತ್ತಿ, "ಇಳಿದು ಬಾರಪ್ಪ. ಬಾಯಾರಿರಬೇಕು. ನೀರು ಕುಡಿ" ಅಂತ ಕರೆದಳು.

ನೀತಿ: 'ಎಲ್ಲರೂ ಆ ಕಡೆ ಇದ್ದಾರೆ' ಎಂಬ ಮಾತು ಕೇಳಿ ನಿನ್ನ ಮತ ಹಾಕಬೇಡ. ನಿನ್ನ ಮನಸ್ಸಿಗೆ ಸರಿ ಕಂಡವರಿಗೆ ಹಾಕು. ಆ 'ಎಲ್ಲರೂ' ಯಾರಾದರೂ ಒಬ್ಬರು ಮೊದಲ ಹೆಜ್ಜೆ ಇಡಲಿ ಎಂದು ಕಾಯುತ್ತಾ ಕೂತಿರಬಹುದು.